ಅತ್ತೆಯವರ ಕೈಗೊಂದು ಕೋಲು, ಬಚ್ಚಲಿಗೊಂದು ಹಿಡಿ

ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಅತ್ತೆಯೋ ಮಾವನವರೋ, ತಾಯಿಯೋ ತಂದೆಯೋ ಇದ್ದಾರೆಯೇ? ಇದ್ದರೆ, ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ ನೋಡಿ: ಕಳೆದ ಒಂದು ವರ್ಷದಲ್ಲಿ ಅವರು ಎಷ್ಟು ಸಲ ಬಿದ್ದಿದ್ದಾರೆ?

“ಅಯ್ಯೋ, ಎಲ್ಲಿ ಬಿದ್ದಿದ್ದಾರೆ? ಗಟ್ಟಿಮುಟ್ಟಾಗೇ ಇದ್ದಾರಲ್ಲ” ಅನ್ನುತ್ತೀರಾ? ಮೂರು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ.

ಅಂದು ಗೌರಿ ಹಬ್ಬದ ಹಿಂದಿನ ದಿನ. ಮನೆಯೆಲ್ಲ ಉಜ್ಜಿ ತೊಳೆದಿದ್ದೆ. ನಮ್ಮದು ಹಳೆಯ ಕಾಲದ ಮನೆ, ಕೆಂಪು ಗಾರೆಯ ನೆಲ. ತೊಳೆದು ಒರೆಸಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಬಚ್ಚಲ ಬಾಗಿಲಿಗೆ, ಎಲ್ಲರ ಮನೆಯಲ್ಲಿಯೂ ಇರುವಂತೆ, ಕಾಲೊರೆಸಲು ಮಡಿಸಿದ ಒಂದು ಗೋಣಿಚೀಲ. ರಾತ್ರಿ ಎರಡೂವರೆ ಹೊತ್ತಿಗೆ ‘ದಡ್’ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ನಮ್ಮತ್ತೆ ಬಚ್ಚಲ ಹೊಸ್ತಿಲ ಬಳಿ ಬಿದ್ದಿದ್ದರು. ಬಲಗೈ ಮಣಿಕಟ್ಟು ಮುರಿದಿತ್ತು. ಅವರಿಗೆ ಆಗ 74 ವರ್ಷ.

“ದೀಪ ಯಾಕೆ ಹಾಕ್ಲಿಲ್ಲ ಅತ್ತೆ?” ಎಂದು ಕೇಳಿದೆ.

“ಮಕ್ಕಳು ಮಲಗಿದ್ವಲ್ಲಮ್ಮ, ಎಚ್ಚರ ಆದೀತು ಅಂತ” ಅಂದರು.

ಕೈಗೆ ಪಟ್ಟು ಹಾಕಿಸಿಕೊಂಡು ಬಂದ ಮೇಲೆ, ಒಂದು ಸಂಜೆ ಮೆಲ್ಲಗೆ ಬಾಯಿ ಬಿಟ್ಟರು. ಅದೇ ಮೊದಲ ಸಲವಲ್ಲವಂತೆ. ಯುಗಾದಿಯ ಹೊತ್ತಿನಲ್ಲಿ ಹಿತ್ತಿಲಲ್ಲಿ ಪಾಚಿಯ ಮೇಲೆ ಕಾಲಿಟ್ಟು ಒಮ್ಮೆ, ಮಂಚದಿಂದ ಏಳುವಾಗ ತಲೆ ಸುತ್ತಿ ಇನ್ನೊಮ್ಮೆ ಬಿದ್ದಿದ್ದರಂತೆ. “ಹೇಳಿದ್ರೆ ನೀನು ತುಳಸಿಕಟ್ಟೆ ಹತ್ರ ಹೋಗೋದಕ್ಕೂ ಬಿಡ್ತಿರಲಿಲ್ಲ ಕಣೇ.”

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಆಮೇಲೆ ನಾನು ಮಾಡಿದ್ದು ಅದನ್ನೇ. “ಅತ್ತೆ, ನೀವು ಏಳ್ಬೇಡಿ, ನಾನೇ ತಂದು ಕೊಡ್ತೀನಿ.” ಕಾಫಿ ಕೂತಲ್ಲಿಗೇ, ಊಟ ಕೂತಲ್ಲಿಗೇ. ಹೂವು ಬಿಡಿಸಲು ನಾನೇ, ದೇವರ ದೀಪಕ್ಕೆ ನಾನೇ. ಅಕ್ಕಪಕ್ಕದವರು “ಇಂಥ ಸೊಸೆ ಸಿಗೋದು ಪುಣ್ಯ” ಎಂದರು. ನನಗೂ ಹೆಮ್ಮೆಯಾಗಿತ್ತು. ಆರು ತಿಂಗಳು ಹೀಗೇ ಕಳೆಯಿತು. ಒಂದು ದಿನ ಅತ್ತೆ ಕುರ್ಚಿಯಿಂದ ತಾವಾಗಿಯೇ ಏಳಲು ಹೋದರು. ಕಾಲು ತಡೆಯಲಿಲ್ಲ. ಅಲ್ಲೇ ಕುಸಿದು ಬಿದ್ದರು.

ದೇವರ ದಯೆ, ಈ ಸಲ ಮೂಳೆ ಮುರಿದಿರಲಿಲ್ಲ. ಪರೀಕ್ಷೆ ಮಾಡಿದ ಲೇಡಿ ಡಾಕ್ಟರು ಎಲ್ಲವನ್ನೂ ಕೇಳಿ ತಿಳಿದುಕೊಂಡು ನನಗೆ ಹೇಳಿದ ಮಾತು ಇದು: “ನೋಡಿಯಮ್ಮ, ಮೊದಲನೇ ಸಲ ನಿಮ್ಮತ್ತೇನ ಬೀಳಿಸಿದ್ದು ಗೋಣಿಚೀಲ. ಈ ಸಲ ಬೀಳಿಸಿದ್ದು ನಿಮ್ಮ ಕುರ್ಚಿ.”

ಆ ಮಾತು ನಾಟಿತು. ಅಂದಿನಿಂದ ಕೇಳಿ, ಓದಿ, ಮಾಡಿ ನೋಡಿ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಹಿರಿಯರನ್ನು ಬೀಳದಂತೆ ನೋಡಿಕೊಳ್ಳಬೇಕಾದರೆ ಮನೆಯನ್ನು ತಿದ್ದಬೇಕು, ಅವರನ್ನು ನಡೆಯಲು ಬಿಡಬೇಕು. ಎರಡೂ ಜೊತೆಯಾಗಿ ಆಗಬೇಕು.

ವಯಸ್ಸಾಯಿತು, ಬೀಳ್ತಾರೆ ಎಂದು ಬಿಡಬೇಡಿ

65 ವರ್ಷ ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6 ಲಕ್ಷ 84 ಸಾವಿರ ಮಂದಿ ಬಿದ್ದ ಕಾರಣದಿಂದಲೇ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಅಂದಾಜು. ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಜಾಗದಲ್ಲಿ ಮುರಿದರಂತೂ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಎಷ್ಟೋ ಮಂದಿ ಮೊದಲಿನಂತೆ ಓಡಾಡುವುದೇ ಇಲ್ಲ. ಹೆದರಿಸಲು ಹೇಳುತ್ತಿಲ್ಲ. ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದರೆ ನಾವು ಎಷ್ಟು ಜಾಗ್ರತೆ ವಹಿಸುತ್ತೇವೋ, ಬೀಳುವ ವಿಷಯದಲ್ಲಿಯೂ ಅಷ್ಟೇ ಜಾಗ್ರತೆ ಬೇಕು ಎಂಬುದಕ್ಕೆ ಹೇಳುತ್ತಿದ್ದೇನೆ.

ಒಂದೇ ಕಾರಣಕ್ಕೆ ಬೀಳುವುದು ಕಡಿಮೆ. ಕಾಲಿನ ಮಾಂಸಖಂಡ ಸೋತಿರುತ್ತದೆ, ಕಣ್ಣು ಮಂಜಾಗಿರುತ್ತದೆ, ಯಾವುದೋ ಮಾತ್ರೆಯಿಂದ ಮಂಪರು ಇರುತ್ತದೆ, ಅದರ ಮೇಲೆ ಕತ್ತಲು, ಒದ್ದೆ ನೆಲ. ಎಲ್ಲವೂ ಒಟ್ಟಿಗೆ ಸೇರಿದಾಗ ಬೀಳುತ್ತಾರೆ. ಹಾಗಾಗಿ ಇವುಗಳಲ್ಲಿ ಎರಡು ಮೂರನ್ನು ನಾವು ಸರಿಪಡಿಸಿದರೂ ಸಾಕು, ಅಪಾಯ ಎಷ್ಟೋ ಇಳಿಯುತ್ತದೆ. ವಯಸ್ಸನ್ನು ಇಳಿಸಲು ನಮ್ಮ ಕೈಲಾಗದು, ಗೋಣಿಚೀಲ ತೆಗೆಯಲು ಕೈಲಾದೀತು ತಾನೇ?

ಮೊದಲು ಬಚ್ಚಲಿಗೆ ಹೋಗಿ

ಮನೆಯಲ್ಲಿ ಅತಿ ಹೆಚ್ಚು ಜಾರುವ ಜಾಗ ಬಚ್ಚಲು. ನೀರು, ಸೋಪು, ಸೀಗೆಪುಡಿ, ತಲೆಗೆ ಹಚ್ಚಿದ ಹರಳೆಣ್ಣೆ ಎಲ್ಲವೂ ಸೇರುವುದು ಅಲ್ಲೇ. ನಮ್ಮಲ್ಲಿ ಎಣ್ಣೆಸ್ನಾನದ ದಿನವಂತೂ ಕೇಳಲೇ ಬೇಡಿ.

ಗೋಡೆಗೆ ಒಂದು ಗಟ್ಟಿ ಸ್ಟೀಲ್ ಹಿಡಿ ಹಾಕಿಸಿ. ಸೊಂಟದ ಎತ್ತರಕ್ಕೆ, ಸ್ನಾನ ಮಾಡುವ ಕಡೆ ಒಂದು, ಕಕ್ಕಸಿನಲ್ಲಿ ಒಂದು. ಊರಿನ ಪ್ಲಂಬರೋ ಗಾರೆ ಕೆಲಸದವರೋ ಅರ್ಧ ದಿನದಲ್ಲಿ ಹಾಕಿಕೊಡುತ್ತಾರೆ. ಟವೆಲ್ ಹಾಕುವ ಸಣ್ಣ ಕಂಬಿ ಇದೆಯಲ್ಲ ಎನ್ನಬೇಡಿ. ಮನುಷ್ಯರ ಭಾರ ಬಿದ್ದರೆ ಅದು ಮೊಳೆಯ ಸಮೇತ ಕಿತ್ತು ಬರುತ್ತದೆ.

ನಿಂತು ಸ್ನಾನ ಮಾಡುವುದು ಬೇಡ. ಗಿಡ್ಡ ಮಣೆಯಿಂದ ಏಳುವುದು ಕಷ್ಟ, ಆದ್ದರಿಂದ ಮೊಣಕಾಲೆತ್ತರದ, ಅಲುಗಾಡದ, ಕಾಲಿಗೆ ರಬ್ಬರ್ ಇರುವ ಸ್ಟೂಲು ಇಡಿ. ಹಂಡೆಯಿಂದ ಬಿಸಿನೀರು ತೋಡಿ ಬೆರೆಸುವ ಕೆಲಸ ನೀವೇ ಮೊದಲು ಮಾಡಿಟ್ಟುಬಿಡಿ. ಸೋಪು, ಚೊಂಬು ಬಗ್ಗದೆ ಸಿಗುವಂತಿರಲಿ. ಒಳಗಿನ ಚಿಲಕ ಹಾಕಬೇಡಿ ಎಂದು ಹೇಳಿ. ನಾಚಿಕೆಯಾದರೆ ಬಾಗಿಲಿಗೆ ಒಂದು ಪರದೆ ಕಟ್ಟಿ, “ನಾನು ಹೊರಗೇ ಇದ್ದೀನಿ” ಎಂದರೆ ಸಾಕು.

ನೆಲದ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂತು ಏಳಲು ಮಂಡಿನೋವಿನವರಿಗೆ ಆಗುವುದಿಲ್ಲ. ಒಡೆದು ಹೊಸದಾಗಿ ಕಟ್ಟಿಸುವ ಖರ್ಚು ಬೇಕಿಲ್ಲ. ನೆಲದ ಕಕ್ಕಸಿನ ಮೇಲೆಯೇ ಇಡುವ, ನಡುವೆ ತೂತಿರುವ ಕಮೋಡ್ ಕುರ್ಚಿ ಔಷಧಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಬಡಗಿಯ ಕೈಲಿ ಮಾಡಿಸಿಕೊಂಡವರೂ ಇದ್ದಾರೆ.

ಬಚ್ಚಲ ಬಾಗಿಲಿನ ಗೋಣಿಚೀಲ, ಹಳೇ ಸೀರೆಯ ತುಂಡು ಇವತ್ತೇ ತೆಗೆಯಿರಿ. ಕಾಲೊರೆಸಲು ಅಡಿಗೆ ರಬ್ಬರ್ ಇರುವ, ಜರುಗದ ಚಾಪೆ ಹಾಕಿ.

ನಂತರ ಉಳಿದ ಮನೆ

ಮಂಚದಿಂದ ಬಚ್ಚಲವರೆಗಿನ ದಾರಿಯೇ ಹಿರಿಯರ ಹೆದ್ದಾರಿ. ರಾತ್ರಿ ಎರಡು ಮೂರು ಸಲ ಅವರು ಆ ದಾರಿ ತುಳಿಯುತ್ತಾರೆ. ಅಲ್ಲಿ ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪ ಇರಲಿ. ಅರ್ಧ ವಾಟಿನ ಎಲ್‌ಇಡಿ ಬಲ್ಬು ಸಾಕು, ಕರೆಂಟು ಬಿಲ್ಲಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಮಕ್ಕಳ ನಿದ್ದೆಗೂ ತೊಂದರೆಯಿಲ್ಲ. ಕರೆಂಟು ಹೋದರೆ ಕೈಗೆ ಸಿಗುವಂತೆ ದಿಂಬಿನ ಪಕ್ಕ ಒಂದು ಟಾರ್ಚು ಇಡಿ.

ಹಳೆಯ ಮನೆಗಳ ಹೊಸ್ತಿಲು ಎತ್ತರ. ಪೂಜೆ ಮಾಡುವ ಹೊಸ್ತಿಲು ತೆಗೆಸಿ ಎಂದು ಹೇಳುವವಳು ನಾನಲ್ಲ. ಅದರ ಅಂಚಿಗೆ ಕಣ್ಣಿಗೆ ಹೊಡೆಯುವ ಹಳದಿ ಬಣ್ಣ ಬಳಿಯಿರಿ, ಪಕ್ಕದ ಚೌಕಟ್ಟಿಗೆ ಒಂದು ಹಿಡಿ ಹಾಕಿಸಿ. ಹೊಸ್ತಿಲ ಮುಂದಿನ ನೆಲದ ಮೇಲೆ ಪ್ಲಾಸ್ಟಿಕ್ ರಂಗೋಲಿ ಹಾಳೆ ಅಂಟಿಸಿದ್ದರೆ ಅಂಚು ಎದ್ದಿದೆಯೇ ನೋಡಿ. ಮೆಟ್ಟಿಲಿನ ಅಂಚಿಗೂ ಅದೇ ಹಳದಿ ಗೆರೆ ಎಳೆಯಿರಿ.

ನಡುಮನೆಯಲ್ಲಿ ಮೊಮ್ಮಕ್ಕಳ ಆಟದ ಸಾಮಾನು, ಫ್ಯಾನಿನ ವಯರು, ಚಾರ್ಜರಿನ ವಯರು ದಾರಿಗೆ ಅಡ್ಡ ಇರಬಾರದು. ಅತ್ತೆಗೆ ದಿನಾ ಬೇಕಾಗುವ ಸಾಮಾನು, ಅಂದರೆ ಕನ್ನಡಕ, ಮಾತ್ರೆ, ವೀಳ್ಯದೆಲೆ ಡಬ್ಬಿ ಎಲ್ಲವೂ ಎದೆಮಟ್ಟಕ್ಕೆ ಇರಲಿ. ಅಟ್ಟದಿಂದ ಡಬ್ಬ ಇಳಿಸಲು ಸ್ಟೂಲು ಹತ್ತುವ ಅಜ್ಜಿಯರನ್ನು ನೀವೂ ಕಂಡಿರುತ್ತೀರಿ!

ಮಂಚದ ಎತ್ತರ ನೋಡಿ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ನೆಲದ ಮೇಲೆ ಚಾಪೆ ಹಾಸಿ ಮಲಗುವ ಅಭ್ಯಾಸದವರಿಗೆ ಪಕ್ಕದಲ್ಲಿ ಹಿಡಿದು ಏಳಲು ಗಟ್ಟಿಯಾದ್ದೇನಾದರೂ ಇರಲಿ.

ಉಡುಪು, ಚಪ್ಪಲಿಯ ಮಾತು. ನೆಲ ಗುಡಿಸುವ ಸೀರೆಯ ನೆರಿಗೆ, ಕಾಲಿಗೆ ಸಿಕ್ಕುವ ಪಂಚೆ ಎರಡೂ ಎಡವಿಸುತ್ತವೆ. ಸೀರೆಯನ್ನು ಎರಡು ಬೆರಳಿನಷ್ಟು ಮೇಲೆ ಉಡಿಸಿ. ಸವೆದ ಹವಾಯಿ ಚಪ್ಪಲಿ ಬಿಸಾಡಿ. ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಒರಟಾಗಿರುವ ಚಪ್ಪಲಿ ಕೊಡಿಸಿ.

ಮಳೆಗಾಲದಲ್ಲಿ ಹಿತ್ತಿಲ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಒರಟು ಪೊರಕೆಯಲ್ಲಿ ಉಜ್ಜಿ ತೊಳೆಯಿರಿ. ಆ ಪುಡಿಗೆ ಆಸಿಡ್ ಮಾತ್ರ ಎಂದೂ ಬೆರೆಸಬೇಡಿ, ಅದರ ಹೊಗೆ ವಿಷ. ತುಳಸಿಕಟ್ಟೆಗೆ ಹೋಗುವ ದಾರಿಗೆ ನಾಲ್ಕು ಒರಟು ಕಲ್ಲುಚಪ್ಪಡಿ ಹಾಕಿಸಿದರೆ ಇನ್ನೂ ಒಳ್ಳೆಯದು.

ಮಾತ್ರೆಯ ಡಬ್ಬಿ, ಕಣ್ಣಿನ ಪೊರೆ

ಮಲಗಿದ್ದವರು ಥಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುತ್ತದೆಯೇ ಎಂದು ಕೇಳಿ. ಎದ್ದು ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದೇ ಬೀಳುವುದಕ್ಕೆ ಕಾರಣವಾಗಬಹುದು. ಕೂರಿಸಿಕೊಂಡು ಬಿ.ಪಿ. ನೋಡಿದರೆ ಇದು ತಿಳಿಯುವುದಿಲ್ಲ. “ಡಾಕ್ಟ್ರೇ, ಮಲಗಿಸಿ ಒಂದ್ಸಲ, ನಿಲ್ಲಿಸಿ ಒಂದ್ಸಲ ನೋಡ್ತೀರಾ?” ಎಂದು ನೀವೇ ಕೇಳಿ. ಸಂಕೋಚ ಬೇಡ.

ಮನೆಯಲ್ಲಿ ಅತ್ತೆಗೆ ಹೀಗೆ ಅಭ್ಯಾಸ ಮಾಡಿಸಿ: ಎಚ್ಚರವಾದ ಮೇಲೆ ಒಂದೆರಡು ನಿಮಿಷ ಮಂಚದ ಅಂಚಿಗೆ ಕೂರುವುದು, ಪಾದ ಮೇಲೆ ಕೆಳಗೆ ಹತ್ತು ಸಲ ಆಡಿಸುವುದು, ಆಮೇಲೆ ಹಿಡಿದುಕೊಂಡು ಏಳುವುದು.

ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆ ಇವೆಲ್ಲ ಕೆಲವರಲ್ಲಿ ತಲೆಸುತ್ತು, ಮಂಪರು ತರುತ್ತವೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ತಡವಾದರೂ ಬೀಳುತ್ತಾರೆ. ಹಾಗೆಂದು ನೀವೇ ಮಾತ್ರೆ ನಿಲ್ಲಿಸಬೇಡಿ! ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ, ಅಂಗಡಿಯಿಂದ ತಂದ ನೋವಿನ ಮಾತ್ರೆ, ಚೂರ್ಣ, ಲೇಹ್ಯ ಸಮೇತ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಯಾವುದು ಬೇಕು, ಯಾವುದು ಬೇಡ, ಯಾವುದು ಯಾವ ಹೊತ್ತಿಗೆ ಎಂದು ಅವರು ಹೇಳಲಿ. ನಮ್ಮತ್ತೆಯ ಚೀಲದಲ್ಲಿ ಇಬ್ಬರು ಡಾಕ್ಟರು ಬೇರೆ ಬೇರೆ ಹೆಸರಿನಲ್ಲಿ ಬರೆದುಕೊಟ್ಟ ಒಂದೇ ಮಾತ್ರೆ ಸಿಕ್ಕಿತು!

ಕಣ್ಣನ್ನು ವರ್ಷಕ್ಕೊಮ್ಮೆ ತೋರಿಸಿ. ಪೊರೆ ಬಂದಿದ್ದರೆ “ಇನ್ನೆಷ್ಟು ದಿನ ಇರ್ತೀನಿ, ಬಿಡಮ್ಮ” ಎನ್ನುವ ಮಾತಿಗೆ ಕಿವಿಗೊಡಬೇಡಿ. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಆಪರೇಷನ್ ಉಚಿತವಾಗಿ ಆಗುತ್ತದೆ. ಹತ್ತಿರಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುವವರು ಮೆಟ್ಟಿಲಿಳಿಯುವಾಗ ಕೆಳಗಿನ ಗಾಜಿನಲ್ಲಿ ನೋಡಿದರೆ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಲು ಹೇಳಿಕೊಡಿ.

ಕಾಲಿಗೆ ಕೆಲಸ ಕೊಡಿ

ಈಗ ನನ್ನ ಕುರ್ಚಿಯ ವಿಷಯಕ್ಕೆ ಬರೋಣ. 2007ರಲ್ಲಿ ಅಮೆರಿಕದ ವೈದ್ಯರು ಆರೋಗ್ಯವಾಗಿದ್ದ ಕೆಲವು ವೃದ್ಧರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಪರೀಕ್ಷಿಸಿದ್ದರು. ಹತ್ತೇ ದಿನದಲ್ಲಿ ಕಾಲುಗಳಿಂದ ಸುಮಾರು ಒಂದು ಕೆ.ಜಿ.ಯಷ್ಟು ಮಾಂಸಖಂಡ ಕರಗಿಹೋಗಿತ್ತು. ನಾನು ಅತ್ತೆಯನ್ನು ಆರು ತಿಂಗಳು ಕೂರಿಸಿದ್ದೆ! ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಿಮ್ಮ ಮನೆಯ ಹಿರಿಯರ ಕಾಲು ಹೇಗಿದೆ ಎಂದು ನೀವೇ ನೋಡಬಹುದು. ಕುರ್ಚಿಯಿಂದ ಹತ್ತು ಅಡಿ ದೂರಕ್ಕೆ ಒಂದು ಗೆರೆ ಎಳೆಯಿರಿ. ಕುರ್ಚಿಯಿಂದ ಎದ್ದು, ಗೆರೆಯ ತನಕ ಮಾಮೂಲಿನ ಹಾಗೆ ನಡೆದು, ತಿರುಗಿ ಬಂದು ಕೂರಲಿ. ನೀವು ಪಕ್ಕದಲ್ಲೇ ಇದ್ದು ಗಡಿಯಾರ ನೋಡಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದೇ ತಿಳಿದು ಡಾಕ್ಟರಿಗೆ ಹೇಳಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರಿಗೆಂದೇ ಹೊರರೋಗಿ ವಿಭಾಗ ನಡೆಸಲು, ವ್ಯಾಯಾಮ ಚಿಕಿತ್ಸೆ ಕೊಡಲು 2010ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ವಿಚಾರಿಸಿ.

ಇನ್ನು ದಿನನಿತ್ಯದ ವ್ಯಾಯಾಮ. ಡಾಕ್ಟರನ್ನು ಒಮ್ಮೆ ಕೇಳಿಕೊಂಡು ಶುರು ಮಾಡಿ. ಇದಕ್ಕೆ ಯಾವ ಸಾಮಾನೂ ಬೇಡ. ಗೋಡೆಗೆ ಒತ್ತಿಟ್ಟ ಒಂದು ಗಟ್ಟಿ ಕುರ್ಚಿ ಮತ್ತು ಅಡುಗೆಮನೆಯ ಕಟ್ಟೆ ಸಾಕು.

ಒಂದು, ಕುರ್ಚಿಯಿಂದ ಏಳುವುದು, ಕೂರುವುದು. ಮೊದಲು ಐದು ಸಲ, ಮೆಲ್ಲಗೆ ಹತ್ತು ಸಲ. ಆಗುವುದಾದರೆ ಕೈ ಊರದೆ. ಎರಡು, ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಇಳಿಸುವುದು, ಹತ್ತು ಸಲ. ಮೂರು, ಕಟ್ಟೆ ಹಿಡಿದು ಏಡಿಯ ಹಾಗೆ ಪಕ್ಕಕ್ಕೆ ಪಕ್ಕಕ್ಕೆ ಹೆಜ್ಜೆ ಹಾಕುವುದು. ನಾಲ್ಕು, ಕಟ್ಟೆ ಹಿಡಿದೇ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಎಣಿಸುವವರೆಗೆ ನಿಲ್ಲುವುದು. ಎದೆನೋವು, ತಲೆಸುತ್ತು, ಏದುಸಿರು ಬಂದರೆ ನಿಲ್ಲಿಸಬೇಕು.

ನೀವು ಹುಳಿಗೆ ಒಗ್ಗರಣೆ ಹಾಕುವ ಹೊತ್ತಿನಲ್ಲೇ ಇದೆಲ್ಲ ಮುಗಿಯುತ್ತದೆ. “ವ್ಯಾಯಾಮ ಮಾಡಿ ಅತ್ತೆ” ಎಂದರೆ ನಮ್ಮತ್ತೆ ಕೇಳಲಿಲ್ಲ. “ಈ ವಯಸ್ಸಲ್ಲಿ ನಂಗೇನು ಕಸರತ್ತು?” ಎಂದರು. ಆಗ ನಾನು ಉಪಾಯ ಮಾಡಿದೆ. ಸೊಪ್ಪು ಬಿಡಿಸಲು ಅಡುಗೆಮನೆಗೇ ಬನ್ನಿ ಎಂದು ಕರೆದೆ. ತೆಂಗಿನತುರಿಯ ಬಟ್ಟಲು ಆ ತುದಿಯಿಂದ ಈ ತುದಿಗೆ ಕೊಡಿ ಎಂದೆ. ಹೂವಿಗೆ ಅವರನ್ನೇ ಕಳಿಸಿ ನಾಲ್ಕು ಹೆಜ್ಜೆ ಹಿಂದೆ ನಡೆದೆ. ಕೆಲಸ ಎಂದರೆ ಏಳುವವರು ಕಸರತ್ತು ಎಂದರೆ ಏಳುವುದಿಲ್ಲ, ಅಲ್ಲವೇ?

ಕೋಲು ಹಿಡಿಯಲು ನಾಚಿಕೆ ಬೇಡ. ನೇರವಾಗಿ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಒಂದು ಕಾಲಿನಲ್ಲಿ ನೋವಿದ್ದರೆ ಕೋಲು ಅದರ ಎದುರು ಬದಿಯ ಕೈಯಲ್ಲಿರಬೇಕು. ನಾವು ಸಾಮಾನ್ಯವಾಗಿ ತಪ್ಪು ಮಾಡುವುದೇ ಇಲ್ಲಿ. ತುದಿಯ ರಬ್ಬರ್ ಸವೆದರೆ ಬದಲಾಯಿಸಿ.

ತಟ್ಟೆಯಲ್ಲಿ ಏನಿರಬೇಕು?

“ವಯಸ್ಸಾದವರಿಗೆ ಎರಡು ತುತ್ತು ಅನ್ನ, ಸಾರು ಸಾಕು” ಎಂಬ ಮಾತು ನಮ್ಮಲ್ಲಿದೆ. ತಿಳಿಸಾರಿನಿಂದ ಮಾಂಸಖಂಡ ಬೆಳೆಯುವುದಿಲ್ಲ. ಹಿರಿಯರಿಗೆ ಒಂದು ಕೆ.ಜಿ. ದೇಹತೂಕಕ್ಕೆ ದಿನಕ್ಕೆ ಒಂದು ಗ್ರಾಂನಷ್ಟಾದರೂ ಪ್ರೊಟೀನು ಬೇಕು. ಅಂದರೆ 50 ಕೆ.ಜಿ. ತೂಗುವವರಿಗೆ 50 ಗ್ರಾಂ. ಒಂದು ಹಿಡಿ ಬೇಳೆಯಲ್ಲಿ, ಒಂದು ಲೋಟ ಹಾಲಿನಲ್ಲಿ, ಒಂದು ಮೊಟ್ಟೆಯಲ್ಲಿ ಸುಮಾರು ಆರೇಳು ಗ್ರಾಂ ಇರುತ್ತದೆ. ಅನ್ನ, ರೊಟ್ಟಿ, ಮುದ್ದೆಯಿಂದಲೂ ಒಂದಿಷ್ಟು ಬರುತ್ತದೆ. ಮೂರು ಹೊತ್ತಿಗೂ ಬೇಳೆ, ಕಾಳು, ಮೊಸರು ಯಾವುದಾದರೊಂದು ತಟ್ಟೆಯಲ್ಲಿದ್ದರೆ ಲೆಕ್ಕ ಸರಿಹೋಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ಮೂಳೆಗೆ ಸುಣ್ಣದ ಅಂಶ ಬೇಕು. ನಮ್ಮ ರಾಗಿಯಲ್ಲಿ ಅದು ಧಾರಾಳವಾಗಿದೆ. ನೂರು ಗ್ರಾಂನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು, ಅಕ್ಕಿ ಗೋಧಿಗಿಂತ ಎಷ್ಟೋ ಪಾಲು ಮೇಲು. ಎಳ್ಳು, ನುಗ್ಗೆಸೊಪ್ಪು, ಹಾಲು, ಮೊಸರು ಕೂಡ ಒಳ್ಳೆಯವು. ಸುಣ್ಣದ ಅಂಶ ಮೈಗೆ ಹತ್ತಲು ‘ಡಿ’ ಜೀವಸತ್ವ ಬೇಕು. ಮನೆಯೊಳಗೇ ಕೂತಿರುವ ಹಿರಿಯರಲ್ಲಿ ಅದು ಕಡಿಮೆ. ದಿನಾ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ತಾಗುವಂತೆ ಜಗುಲಿಯಲ್ಲಿ ಕೂರಲಿ. ಡಾಕ್ಟರು ‘ಡಿ’ ಪುಡಿ ಬರೆದುಕೊಟ್ಟರೆ ಚೀಟಿ ಸರಿಯಾಗಿ ಓದಿ. ವಾರಕ್ಕೊಂದು ಎಂದದ್ದನ್ನು ದಿನಕ್ಕೊಂದು ಕುಡಿಸಿದರೆ ಅದೇ ವಿಷವಾಗುತ್ತದೆ.

ಹಲ್ಲಿಲ್ಲದವರೂ ಸಲೀಸಾಗಿ ತಿನ್ನಬಹುದಾದ, ನಮ್ಮತ್ತೆ ಮೆಚ್ಚಿದ ಒಂದು ಅಡುಗೆ ಇಲ್ಲಿದೆ.

ನುಗ್ಗೆಸೊಪ್ಪಿನ ತೊವ್ವೆ

ಬೇಕಾಗುವ ಸಾಮಾನು: ಹೆಸರುಬೇಳೆ 1 ಬಟ್ಟಲು, ಬಿಡಿಸಿದ ಎಳೆಯ ನುಗ್ಗೆಸೊಪ್ಪು 2 ಹಿಡಿ, ತೆಂಗಿನತುರಿ 2 ಚಮಚ, ಜೀರಿಗೆ 1 ಚಮಚ, ಕಾಳುಮೆಣಸು 6, ಅರಿಸಿನ ಚಿಟಿಕೆ, ಇಂಗು, ಸಾಸಿವೆ, ತುಪ್ಪ 2 ಚಮಚ, ನಿಂಬೆಹಣ್ಣು ಅರ್ಧ, ಉಪ್ಪು.

ಮಾಡುವ ವಿಧಾನ: ಹೆಸರುಬೇಳೆಯನ್ನು ಘಂ ಎನ್ನುವವರೆಗೆ ಹುರಿದು ತೊಳೆದು, ಅರಿಸಿನ ಹಾಕಿ ಮೂರು ಬಟ್ಟಲು ನೀರಿನಲ್ಲಿ ಮೆತ್ತಗೆ ಬೇಯಿಸಿ. ಸೊಪ್ಪನ್ನು ಸಣ್ಣಗೆ ಹೆಚ್ಚಿ ಬೇರೆಯಾಗಿ ಸ್ವಲ್ಪ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ, ನೀರಿನ ಸಮೇತ ಬೇಳೆಗೆ ಸೇರಿಸಿ. ತೆಂಗಿನತುರಿ, ಅರ್ಧ ಜೀರಿಗೆ, ಕಾಳುಮೆಣಸು ನುಣ್ಣಗೆ ರುಬ್ಬಿ ಹಾಕಿ, ಉಪ್ಪು ಕೂಡಿಸಿ ಒಂದು ಕುದಿ ಬರಿಸಿ. ತುಪ್ಪದಲ್ಲಿ ಸಾಸಿವೆ, ಉಳಿದ ಜೀರಿಗೆ, ಇಂಗಿನ ಒಗ್ಗರಣೆ ಕೊಟ್ಟು ಕೆಳಗಿಳಿಸಿ ನಿಂಬೆರಸ ಹಿಂಡಿ. ಮೆತ್ತನೆಯ ರಾಗಿಮುದ್ದೆಯೊಡನೆ ಬಿಸಿಬಿಸಿಯಾಗಿ ಬಡಿಸಿ. ಬಿ.ಪಿ. ಇರುವವರಿಗೆ ಉಪ್ಪು ಕಡಿಮೆ ಮಾಡಿ. ನಿಂಬೆರಸದಿಂದ ರುಚಿ ಕೆಡುವುದಿಲ್ಲ.

ಬಿದ್ದೇ ಬಿಟ್ಟರೆ?

ಗಾಬರಿಯಲ್ಲಿ ರಟ್ಟೆ ಹಿಡಿದು ಎಳೆದೆತ್ತಬೇಡಿ. ಮೊದಲು ಅಲ್ಲೇ ಇರಲಿ, ಪಕ್ಕದಲ್ಲಿ ಕೂತು ಮಾತಾಡಿಸಿ. ಎಲ್ಲಿ ನೋವು ಎಂದು ಕೇಳಿ.

ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಗೆ ತಿರುಗಿಕೊಂಡಂತೆ ಕಂಡರೆ, ತೊಡೆಸಂದಿನಲ್ಲಿ ನೋವೆಂದರೆ, ಕಾಲ ಮೇಲೆ ಭಾರ ಬಿಡಲಾಗದಿದ್ದರೆ ಸೊಂಟದ ಬಳಿ ಮೂಳೆ ಮುರಿದಿರಬಹುದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಸಿ. ಎಣ್ಣೆ ಹಚ್ಚಿ ನೀವುವುದು, ನಾಟಿ ಕಟ್ಟು ಹಾಕಿಸಿ ದಿನ ಕಳೆಯುವುದು ಖಂಡಿತ ಬೇಡ. ಇಂಥ ಮುರಿತಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ದಾರಿ, ಅದೂ ಎರಡು ದಿನದೊಳಗೆ ಆದರೆ ಒಳ್ಳೆಯದು. ಬೇಗ ಎದ್ದು ಓಡಾಡಿದಷ್ಟೂ ಹಾಸಿಗೆ ಹುಣ್ಣು, ಕಫದ ಜ್ವರ ಹತ್ತಿರ ಸುಳಿಯುವುದಿಲ್ಲ.

ತಲೆಗೆ ಪೆಟ್ಟಾಗಿದ್ದರೆ, ಅದರಲ್ಲೂ ರಕ್ತ ತೆಳುವಾಗುವ ಮಾತ್ರೆ ನುಂಗುವವರಾದರೆ, ಗಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವಯಸ್ಸಾದವರಲ್ಲಿ ತಲೆಯೊಳಗೆ ಮೆಲ್ಲಗೆ ರಕ್ತ ಜಿನುಗಿ ಎರಡು ಮೂರು ವಾರಗಳ ಮೇಲೆ ತೊಂದರೆ ಕಾಣಿಸುವುದುಂಟು. ಬಿದ್ದ ಕೆಲವು ವಾರಗಳ ನಂತರ ತಲೆನೋವು, ಮಂಕು, ಮಾತು ತೊದಲುವುದು, ನಡಿಗೆ ತಪ್ಪುವುದು ಶುರುವಾದರೆ “ವಯಸ್ಸಿನ ಅರಳುಮರಳು” ಎಂದು ಕೂರಬೇಡಿ. “ಆವತ್ತು ಬಿದ್ದಿದ್ದರು” ಎಂದು ಡಾಕ್ಟರಿಗೆ ತಪ್ಪದೆ ಹೇಳಿ.

ಏನೂ ಪೆಟ್ಟಾಗಿಲ್ಲವೆಂದಾದರೆ ಅವರೇ ಏಳಲಿ, ನೀವು ಒಂದು ಗಟ್ಟಿ ಕುರ್ಚಿ ತಂದಿಡಿ. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಮಂಡಿ ಮತ್ತು ಕೈ ಮೇಲೆ ಬರಬೇಕು. ಕುರ್ಚಿಯ ಮೇಲೆ ಎರಡೂ ಕೈ ಇಟ್ಟು, ಒಂದು ಪಾದ ಮುಂದಿಟ್ಟು, ಮೆಲ್ಲಗೆ ಎದ್ದು ತಿರುಗಿ ಕೂರಬೇಕು. ಮಂಡಿ ಊರಲು ಆಗುವವರಿಗೆ ಇದನ್ನು ಮೊದಲೇ ಮಂಚದ ಪಕ್ಕ ಹಾಸಿಗೆ ಹಾಸಿ ಕಲಿಸಿಕೊಡಬಹುದು.

ಮಣಿಕಟ್ಟು ಮುರಿದದ್ದು ಮೂಳೆ ಟೊಳ್ಳಾಗಿದೆ ಎನ್ನುವ ಸೂಚನೆಯೂ ಆಗಿರಬಹುದು. ಪಟ್ಟು ಬಿಚ್ಚಿಸಿದೊಡನೆ ಮರೆತುಬಿಡದೆ “ಮೂಳೆಯ ಸಾಂದ್ರತೆ ಪರೀಕ್ಷೆ ಬೇಕೇ?” ಎಂದು ಕೇಳಿ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಈ ಮಾತು ಅತ್ತೆಗೆ ಮಾತ್ರವಲ್ಲ, ಐವತ್ತರ ಹತ್ತಿರ ಬಂದಿರುವ ನಿಮಗೂ ನನಗೂ ಸೇರಿದ್ದು.

ಬೈಯಬೇಡಿ, ಕೇಳಿ

ಒಮ್ಮೆ ಬಿದ್ದವರ ಮನಸ್ಸಿನಲ್ಲಿ ಭಯ ಕೂರುತ್ತದೆ. ಭಯಕ್ಕೆ ನಡೆಯುವುದು ಕಡಿಮೆ, ನಡೆಯದೆ ಕಾಲು ಸೋಲುತ್ತದೆ, ಸೋತ ಕಾಲು ಮತ್ತೆ ಬೀಳಿಸುತ್ತದೆ. ಅದರ ಮೇಲೆ ನಾವು “ಸುಮ್ನೆ ಒಂದು ಕಡೆ ಕೂತಿರೋಕೆ ಆಗಲ್ವಾ?” ಎಂದು ಸಿಡುಕಿದರೆ ಮುಂದಿನ ಸಲ ಬಿದ್ದದ್ದನ್ನು ಹೇಳುವುದೇ ಇಲ್ಲ. ನಮ್ಮತ್ತೆ ಎರಡು ಸಲ ಬಚ್ಚಿಟ್ಟದ್ದು ನನ್ನ ಬಾಯಿಗೆ ಹೆದರಿ ಎಂದು ತಿಳಿದಾಗ ನನಗೆ ಆದ ನೋವು ಅಷ್ಟಿಷ್ಟಲ್ಲ.

ಈಗ ನಮ್ಮ ಮನೆಯಲ್ಲಿ ಒಂದು ಒಪ್ಪಂದವಿದೆ. ಅವರು ಬಿದ್ದರೆ, ಎಡವಿದರೆ, ತಲೆ ಸುತ್ತಿದರೆ ನನಗೆ ಹೇಳುತ್ತಾರೆ. ನಾನು ಯಾಕೆ ಹೋದಿರಿ ಎಂದು ಕೇಳುವುದಿಲ್ಲ, ಎಲ್ಲಿ ಎಂದು ಕೇಳುತ್ತೇನೆ. ಆ ಜಾಗವನ್ನು ಅಂದೇ ಸರಿಮಾಡುತ್ತೇನೆ.

ಅತ್ತೆಗೆ ಈಗ 77. ಮತ್ತೆ ನಡೆಯುವಂತಾಗಲು ನಾಲ್ಕು ತಿಂಗಳು ಹಿಡಿಯಿತು. ಮೊದಮೊದಲು ಅವರು ಹೊಸ್ತಿಲು ದಾಟುವಾಗ ನನ್ನ ಎದೆ ಡವಡವ ಎನ್ನುತ್ತಿತ್ತು, ಕೈ ತಾನಾಗಿ ಮುಂದೆ ಹೋಗುತ್ತಿತ್ತು. “ಬಿಡು ಕಣೇ, ನಾನು ಹಿಡಿ ಹಿಡ್ಕೊಂಡಿದೀನಿ” ಎನ್ನುತ್ತಿದ್ದರು. ಈಗ ಬೆಳಿಗ್ಗೆ ಕೋಲೂರಿಕೊಂಡು ತುಳಸಿಗೆ ನೀರು ಹಾಕಿ, ಎರಡು ದಾಸವಾಳ ಕಿತ್ತು ಸೆರಗಿಗೆ ಹಾಕಿಕೊಂಡು ಬರುತ್ತಾರೆ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿರುತ್ತೇನೆ. ನಾನು ನೋಡುತ್ತಿರುವುದು ಅವರಿಗೂ ಗೊತ್ತು.

ಸೋದರಿಯರೇ, ಪತ್ರಿಕೆ ಮಡಿಸಿಡುವ ಮುನ್ನ ಒಂದು ಕೆಲಸ. ಇಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪ ಆರಿಸಿ, ನಿಮ್ಮ ಮನೆಯ ಹಿರಿಯರ ಮಂಚದ ಬಳಿಯಿಂದ ಬಚ್ಚಲ ತನಕ ಗೋಡೆ ಹಿಡಿದುಕೊಂಡು, ಅವರ ಹಾಗೆಯೇ ಸಣ್ಣ ಹೆಜ್ಜೆಯಿಟ್ಟು ನಡೆದು ನೋಡಿ. ಕಾಲಿಗೆ ಏನೇನು ತಾಕಿತು, ಕೈಗೆ ಎಲ್ಲಿ ಹಿಡಿಯಲು ಏನೂ ಸಿಗಲಿಲ್ಲ ಎಂದು ಬೆಳಿಗ್ಗೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಸಂಚಿಕೆ ನಿಮ್ಮ ಕೈ ಸೇರುವುದರೊಳಗೆ ಆ ಚೀಟಿಯಲ್ಲಿ ಒಂದೆರಡಾದರೂ ಕೆಲಸ ಮುಗಿದಿರಲಿ.